ಬಿಳಿ ಮರಕ್ಕೆ ಬೀಟೆ ಬಣ್ಣ: ಯಾವ ಡಬ್ಬಿ ತರಬೇಕು, ಯಾವುದನ್ನು ಅಂಗಡಿಯಲ್ಲೇ ಬಿಡಬೇಕು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಪೇಂಟ್ ಅಂಗಡಿಗೆ ಹೋಗಿ ‘ಬಿಳಿ ಮರದ ಮೇಜಿಗೆ ಬೀಟೆ ಬಣ್ಣ ಬರಬೇಕು’ ಎಂದು ಕೇಳಿದರೆ ಕೌಂಟರಿನ ಮೇಲೆ ಬರುವ ಸರಕು ಐದು ಬಗೆಯದು. ಬಣ್ಣ ಬೆರೆಸಿಯೇ ಬರುವ ವಾರ್ನಿಶ್, ಥಿನ್ನರ್ ಮೂಲದ ವುಡ್ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ), ನೀರು ಮೂಲದ ಸ್ಟೇನ್, ಸ್ಪಿರಿಟ್‌ನಲ್ಲಿ ಕರಗಿಸುವ ಬಣ್ಣದ ಪುಡಿ, ಹೇಳಿ ತರಿಸಿದರೆ ಜೆಲ್ ಸ್ಟೇನ್. ತೀರ್ಪನ್ನು ಮೊದಲೇ ಹೇಳಿಬಿಡೋಣ. ನಮ್ಮ ಹವೆಗೆ ಥಿನ್ನರ್ ಸ್ಟೇನ್, ಅದರ ಮೇಲೆ ಎರಡು ಡಬ್ಬಿಯ (ಬೇಸ್, ಅದನ್ನು ಗಟ್ಟಿ ಮಾಡುವ ಹಾರ್ಡ್ನರ್) ಮ್ಯಾಟ್ ಪಿಯು, ಅಂದರೆ ಹೊಳಪಿಲ್ಲದ ಪಾಲಿಯುರೆಥೇನ್ ಲೇಪ, ಇವೆರಡರ ಜೋಡಿಯೇ ಸರಿ. ಬಣ್ಣದ ವಾರ್ನಿಶ್ ಅಂಗಡಿಯಲ್ಲೇ ಇರಲಿ. ಉಳಿದ ಮೂರಕ್ಕೆ ಅವುಗಳದೇ ಜಾಗ ಇದೆ, ಆದರೆ ಊಟದ ಮೇಜು, ಕುರ್ಚಿ, ಮಂಚಕ್ಕೆ ಅವು ಮೊದಲ ಆಯ್ಕೆಯಲ್ಲ.

ಸರಕು ಯಾವುದೇ ಇರಲಿ, ಗಾಢ ಬಣ್ಣ ಒಂದೇ ಏಟಿಗೆ ಬರುವುದಿಲ್ಲ. ಅರ್ಧ ಬಣ್ಣವನ್ನು ಮರಕ್ಕೆ ಕುಡಿಸಬೇಕು, ಉಳಿದರ್ಧವನ್ನು ಸೀಲರ್ (ಮರದ ರಂಧ್ರ ಮುಚ್ಚುವ ಅಡಿಲೇಪ) ಮೇಲೆ ಕಟ್ಟಬೇಕು. ಪೂರಾ ಕಪ್ಪನ್ನು ಮರಕ್ಕೇ ಕುಡಿಸಲು ಹೋದರೆ ಕಲೆ ಕಲೆಯಾಗುತ್ತದೆ. ಪೂರಾ ಮೇಲೆಯೇ ಬಳಿದರೆ ಮರ ಹೋಗಿ ಬಣ್ಣ ಹಚ್ಚಿದ ಕಬ್ಬಿಣದ ಕುರ್ಚಿಯಂತೆ ಕಾಣುತ್ತದೆ.

ಮೊದಲು ಮರ ಯಾವುದು ನೋಡಿ

ಈಗ ಬರುವ ಬಿಳಿ ಪೀಠೋಪಕರಣದಲ್ಲಿ ಹೆಚ್ಚಿನದು ರಬ್ಬರ್ ಮರ. ನಂತರ ಪೈನ್. ಊರಲ್ಲೇ ಮಾಡಿಸಿದ್ದಾದರೆ ಹಲಸು, ಮಾವು, ಶಿವಣೆ. ಇನ್ನೊಂದು ಜಾತಿಯೂ ಇದೆ, ಅದು ಮರವೇ ಅಲ್ಲ: ಹೊಟ್ಟನ್ನು ಒತ್ತಿ ಮಾಡಿದ ಹಲಗೆ, ಮೇಲೆ ಮರದ ಚಿತ್ರ ಅಚ್ಚಾದ ಕಾಗದ ಅಥವಾ ಲ್ಯಾಮಿನೇಟ್. ಗುರುತು ಹಿಡಿಯುವುದು ಸುಲಭ. ಹಲಗೆಯ ಮೇಲ್ಮೈಯ ಗೆರೆ ಅಂಚಿಗೆ ಬಂದು ಅಲ್ಲಿ ಅಡ್ಡ ಕೊಯ್ತದ ರಂಧ್ರಗಳಾಗಿ ಮುಂದುವರಿದರೆ ಅದು ಮರ. ಅಂಚಿನಲ್ಲಿ ಪಟ್ಟಿ ಅಂಟಿಸಿದ್ದರೆ, ಒಂದೇ ಗಂಟು ಎರಡು ಅಡಿ ದೂರದಲ್ಲಿ ಮತ್ತೆ ಅದೇ ಆಕಾರದಲ್ಲಿ ಕಂಡರೆ ಅದು ಚಿತ್ರ. ಚಿತ್ರ ಸ್ಟೇನ್ ಕುಡಿಯುವುದಿಲ್ಲ, ಹಣ ಹಾಳು. ನಡುವಿನದು ವೆನೀರ್, ಪ್ಲೈ ಮೇಲೆ ಅಂಟಿಸಿದ ಮರದ ಹಾಳೆ. ಅದು ಮರವೇ ಹೌದು, ಆದರೆ ಬಹಳ ಸಲ ಅರ್ಧ ಮಿಲಿಮೀಟರಿಗಿಂತ ತೆಳು. ಅದಕ್ಕೆ ಸ್ಯಾಂಡರ್ ಯಂತ್ರ ಹಾಕಿದರೆ ನಿಮಿಷದೊಳಗೆ ಕೆಳಗಿನ ಪ್ಲೈ ಹಲ್ಲು ತೋರಿಸುತ್ತದೆ. 180ರ ಉಜ್ಜುವ ಪೇಪರ್ (ಅಂಕಿ ಹೆಚ್ಚಿದಷ್ಟೂ ನುಣುಪು), ಕೈಯಲ್ಲಿ, ಹಗುರಾಗಿ. ಅಷ್ಟೇ.

ರಬ್ಬರ್ ಮರದ ಹಲಗೆಯನ್ನು ಹತ್ತಿರದಿಂದ ನೋಡಿ. ಅದು ಒಂದು ಹಲಗೆಯಲ್ಲ. ಎರಡು ಮೂರು ಇಂಚು ಅಗಲದ ಪಟ್ಟಿಗಳನ್ನು ಅಂಟಿಸಿರುತ್ತಾರೆ, ಪ್ರತಿ ಪಟ್ಟಿಯ ಉದ್ದದಲ್ಲೂ ಎರಡು ಕೈಯ ಬೆರಳು ಹೆಣೆದಂತೆ ಗರಗಸದ ಹಲ್ಲಿನ ಜೋಡಣೆ. ಬಿಳಿ ಇರುವಾಗ ಇದು ಕಣ್ಣಿಗೆ ಬೀಳುವುದಿಲ್ಲ. ಸ್ಟೇನ್ ಬಿದ್ದ ಕೂಡಲೇ ಆ ಹಲ್ಲುಗಳ ತುದಿ ಹೆಚ್ಚು ಕುಡಿದು ಕಪ್ಪು ಅಂಕುಡೊಂಕು ಗೆರೆಯಾಗಿ ಎದ್ದು ಬರುತ್ತದೆ. ಪಕ್ಕಪಕ್ಕದ ಪಟ್ಟಿಗಳು ಬೇರೆ ಬೇರೆ ಮರದವು, ಹಾಗಾಗಿ ಒಂದು ಕಾಫಿ ಬಣ್ಣಕ್ಕೆ ಬಂದರೆ ಇನ್ನೊಂದು ಚಹಾ ಬಣ್ಣದಲ್ಲೇ ನಿಲ್ಲುತ್ತದೆ. ‘ಪಾಲಿಶ್ ಕೆಟ್ಟಿತು’ ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ. ತಪ್ಪು ಡಬ್ಬಿಯದಲ್ಲ, ಸ್ಟೇನಿಗೆ ಮೊದಲು ತೆಳು ಸೀಲರ್ ಕೊಡದೇ ಇದ್ದದ್ದು.

ಹಲಸಿಗೆ ಬೇರೆ ತಕರಾರು. ಅದರ ಹಳದಿ ಮರದ ಒಳಗಿನಿಂದಲೇ ಬಂದದ್ದು. ಅದರ ಮೇಲೆ ಕಪ್ಪುಗಂದು ವಾಲ್‌ನಟ್ ಛಾಯೆಯ ಸ್ಟೇನ್ ಹಾಕಿದರೆ ಹಳದಿಯೂ ಕಪ್ಪೂ ಸೇರಿ ಹಸಿರು ಛಾಯೆ ಹೊಡೆಯುತ್ತದೆ. ಬಿಸಿಲಲ್ಲಿ ನಿಂತು ನೋಡಿದರೆ ಮಾತ್ರ ಗೊತ್ತಾಗುವ ಹಸಿರು, ಆದರೆ ಒಮ್ಮೆ ಕಂಡ ಮೇಲೆ ಮರೆಯಲಾಗದು. ಔಷಧ ಸರಳ: ವಾಲ್‌ನಟ್‌ಗೆ ಹತ್ತರಲ್ಲಿ ಒಂದು ಪಾಲು ಮಹಾಗನಿ ಅಥವಾ ರೋಸ್‌ವುಡ್ ಛಾಯೆಯ ಸ್ಟೇನ್ ಬೆರೆಸಿ. ಕೆಂಪು ಸೇರಿದರೆ ಹಸಿರು ಅಡಗುತ್ತದೆ. ಹಲಸಿನ ಬಗ್ಗೆ ಇನ್ನೊಂದು ಮಾತು. ಅದು ವರ್ಷಗಳು ಕಳೆದಂತೆ ತಾನಾಗಿಯೇ ಕೆಂಗಂದು ಆಗುವ ಮರ. ಅಜ್ಜನ ಕಾಲದ ಹಲಸಿನ ಪೆಟ್ಟಿಗೆಗೆ ಸ್ಟೇನ್ ಹಚ್ಚುವವರ ಕೈ ಹಿಡಿದು ನಿಲ್ಲಿಸಬೇಕು.

ಬಣ್ಣದ ವಾರ್ನಿಶ್: ಯಾಕೆ ಬೇಡ

ಡಬ್ಬಿ ತೆರೆದು ಎರಡು ಕೈ ಬಳಿದರೆ ಮುಗಿಯಿತು ಎಂಬುದೇ ಇದರ ಆಕರ್ಷಣೆ. ಬಣ್ಣ ಇಲ್ಲಿ ಮರದೊಳಗೆ ಇಳಿಯುವುದಿಲ್ಲ, ಪದರದಲ್ಲೇ ತೇಲುತ್ತದೆ. ಅದರಿಂದ ಮೂರು ತೊಂದರೆ. ಬ್ರಶ್ಶಿನ ಒಂದು ಎಳೆತ ಇನ್ನೊಂದರ ಮೇಲೆ ಹತ್ತಿದ ಕಡೆ ಎರಡು ಪಟ್ಟು ಕಪ್ಪು, ಪಟ್ಟೆ ಪಟ್ಟೆ. ಕಾಲು ಮತ್ತು ಅಡ್ಡಪಟ್ಟಿ ಸೇರುವ ಮೂಲೆಯಲ್ಲಿ ವಾರ್ನಿಶ್ ನಿಂತು ಟಾರಿನಂತೆ ಕಪ್ಪಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಉಗುರು ತಾಗಿ ಸಿಪ್ಪೆ ಎದ್ದರೆ ಕೆಳಗೆ ಬೆಳ್ಳನೆಯ ಮರ ಇಣುಕುತ್ತದೆ. ಇದನ್ನು ಬಳಸಬಹುದಾದ ಜಾಗ ಎಂದರೆ ಕಪಾಟಿನ ಒಳಗೋಡೆ, ಶೆಲ್ಫಿನ ಕೆಳಭಾಗ, ಯಾರೂ ಮುಟ್ಟದ ಕಡೆ.

ಇಲ್ಲಿ ಒಂದು ಗೊಂದಲ ಬಗೆಹರಿಯಬೇಕು. ಟಚ್‌ವುಡ್ ಎಂಬ ಹೆಸರು ನಮ್ಮಲ್ಲಿ ಮರದ ಪಾಲಿಶ್‌ಗೆಲ್ಲ ಪರ್ಯಾಯವಾಗಿಬಿಟ್ಟಿದೆ. ಅದು ಏಷ್ಯನ್ ಪೇಂಟ್ಸ್‌ನ ಪಾರದರ್ಶಕ ಲೇಪ. ಇಂಥ ಪಾರದರ್ಶಕ ಲೇಪ ಹಚ್ಚಿದರೆ ಬಿಳಿ ಮರ ಸ್ವಲ್ಪ ಜೇನು ಬಣ್ಣಕ್ಕೆ ತಿರುಗಬಹುದೇ ಹೊರತು ಬೀಟೆ ಆಗುವುದಿಲ್ಲ. ಬಣ್ಣ ಬೇಕೆಂದರೆ ಸ್ಟೇನ್ ಎಂದೇ ಕೇಳಬೇಕು.

ಥಿನ್ನರ್ ಸ್ಟೇನ್: ಇದಕ್ಕೆ ಯಾಕೆ ಮೊದಲ ಸ್ಥಾನ

ಒಣಗಲು ಇದಕ್ಕೆ ಗಾಳಿಯ ಒಣತನ ಅಷ್ಟಾಗಿ ಬೇಕಿಲ್ಲ. ಕಡಲ ಬದಿಯಲ್ಲಿ ಇದೇ ದೊಡ್ಡ ಗುಣ. ಮರದ ನಾರನ್ನು ಎಬ್ಬಿಸುವುದಿಲ್ಲ. ಛಾಯೆಗಳನ್ನು ಒಂದರೊಳಗೊಂದು ಬೆರೆಸಬಹುದು. ಕಪ್ಪಾಯಿತು ಅನ್ನಿಸಿದರೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದಿಷ್ಟು ಹಿಂತೆಗೆಯಲೂ ಬಹುದು. ವಾಸನೆ ಜೋರು, ಬೆಂಕಿಗೆ ಹತ್ತಿರ ಸುಳಿಯಬಾರದು, ಕೈಗವಸು ಇಲ್ಲದಿದ್ದರೆ ವಾರಗಟ್ಟಲೆ ಉಗುರು ಕಂದು. ಇವಿಷ್ಟು ದೋಷ.

ನಾಲ್ಕು ಅಡಿ ಉದ್ದ ಎರಡೂವರೆ ಅಡಿ ಅಗಲದ ಮೇಜು, ನಾಲ್ಕು ಕುರ್ಚಿ ಎಂದುಕೊಳ್ಳಿ. ಕಾಲು, ಬೆನ್ನು, ಅಡಿ ಎಲ್ಲ ಸೇರಿ ಸುಮಾರು 70 ಚದರ ಅಡಿ ಲೆಕ್ಕ. ಎರಡು ಕೈಗೆ ಸ್ಟೇನ್ 1 ಲೀಟರ್ ಸಾಕಾಗುತ್ತದೆ, ಎರಡನೇ ಕೈಗೆ ಮರ ಕಡಿಮೆ ಕುಡಿಯುತ್ತದೆ. ಹಾರ್ಡ್ನರ್, ಥಿನ್ನರ್ ಸೇರಿ ಪಿಯು ಸೀಲರ್ 1.5 ಲೀಟರ್, ಮೇಲಿನ ಮ್ಯಾಟ್ ಪಿಯು 1.5 ಲೀಟರ್. ತೊಳೆಯಲು, ತೆಳು ಮಾಡಲು ಥಿನ್ನರ್ 2 ಲೀಟರ್. ಪೇಪರ್ 120, 180, 320 ಪ್ರತಿಯೊಂದೂ ಐದಾರು ಹಾಳೆ. ಅರ್ಧ ಕಿಲೋ ಹಳೆಯ ಬನಿಯನ್ ಬಟ್ಟೆ, ಬಿಳಿಯದೇ ಆಗಬೇಕು. ಬಣ್ಣದ ಬಟ್ಟೆಯ ಬಣ್ಣವೂ ಥಿನ್ನರಿಗೆ ಬಿಡುತ್ತದೆ.

ಹಳೆ ಪಾಲಿಶ್ ಪೂರ್ತಿ ಹೋಗದೆ ಸ್ಟೇನ್ ಹಿಡಿಯದು. ಯಾವ ಪಾಲಿಶ್ ಇದೆ ಎಂದು ತಿಳಿಯಲು ಮೇಜಿನ ಅಡಿಯಲ್ಲಿ ಒಂದು ಹನಿ ಸ್ಪಿರಿಟ್ ಬಿಡಿ. ಅಂಟಂಟಾದರೆ ಅರಗಿನ ಫ್ರೆಂಚ್ ಪಾಲಿಶ್. ಆಗದಿದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರಿನ ಒಂದು ಹನಿ. ಅದಕ್ಕೆ ಕರಗಿದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ (ಗಟ್ಟಿ ರಾಳದ ಪಾಲಿಶ್) ಅಥವಾ ಪಿಯು. ಮೊದಲೆರಡನ್ನು ಕರಗಿಸಿ ಒರೆಸಬಹುದು. ಮೂರನೆಯದಕ್ಕೆ ಪೇಂಟ್ ರಿಮೂವರ್ ಅಥವಾ 80–120ರ ಪೇಪರ್ ಬೇಕು. ರಿಮೂವರನ್ನು ಜಗುಲಿಯಲ್ಲೋ ಅಂಗಳದಲ್ಲೋ ಬಳಸಿ, ಮುಚ್ಚಿದ ಕೋಣೆಯಲ್ಲಿ ಬೇಡ. ಆ ಹೊಗೆ ಹಗುರದ್ದಲ್ಲ.

ನಂತರ 120, ಆಮೇಲೆ 180, ಅಲ್ಲಿಗೆ ನಿಲ್ಲಿ. ಇನ್ನೂ ನುಣುಪು ಮಾಡುತ್ತೇನೆಂದು 320ಕ್ಕೆ ಹೋದರೆ ಮರದ ರಂಧ್ರ ಮುಚ್ಚಿ ಬಣ್ಣ ಇಳಿಯದೆ ತೆಳುವಾಗುತ್ತದೆ. ಇದಕ್ಕೆ ಒಂದೇ ವಿನಾಯಿತಿ ಹಲಗೆಯ ಅಡ್ಡ ಕೊಯ್ದ ತುದಿಗಳು. ಅಲ್ಲಿ 320ರ ತನಕ ಉಜ್ಜಬೇಕು, ಇಲ್ಲವೆಂದರೆ ಅವು ಬಣ್ಣವನ್ನು ಬತ್ತಿಯಂತೆ ಹೀರಿ ಕಪ್ಪಾಗುತ್ತವೆ. ಉಜ್ಜುವುದು ಯಾವಾಗಲೂ ನಾರಿನ ದಿಕ್ಕಿನಲ್ಲಿ. ಬಿಳಿ ಮರದಲ್ಲಿ ಅಡ್ಡಗೀರು ಕಾಣುವುದಿಲ್ಲ, ಕಪ್ಪು ಸ್ಟೇನ್ ಬಿದ್ದ ಮೇಲೆ ಬೆಕ್ಕು ಪರಚಿದ ಹಾಗೆ ಒಂದೊಂದೂ ಎದ್ದು ಕಾಣುತ್ತದೆ. ಮೇಜಿನ ಮೇಲೆ ಟಾರ್ಚನ್ನು ಅಡ್ಡಲಾಗಿ ಮಲಗಿಸಿ ನೋಡಿದರೆ ಗೀರು ಮುಂಚೆಯೇ ಸಿಕ್ಕಿಬೀಳುತ್ತದೆ.

ಉಜ್ಜಿದ ಮೇಲೆ ಸ್ಪಿರಿಟ್‌ನಿಂದ ಇಡೀ ಮೈ ಒರೆಸಿ. ಧೂಳೂ ಹೋಗುತ್ತದೆ, ಫೆವಿಕಾಲ್ ಹೊರಬಂದು ಒಣಗಿದ ಜಾಗ ಬೆಳ್ಳಗೆ ತೋರುತ್ತದೆ. ಜೋಡಣೆಯ ಸುತ್ತ ಅಂಟು ಉಳಿದಲ್ಲಿ ಸ್ಟೇನ್ ಇಳಿಯುವುದಿಲ್ಲ, ಅದನ್ನು ಉಳಿಯಂಚಿನಿಂದ ಕೆರೆದು ತೆಗೆಯಬೇಕು. ಮೊಳೆ ತೂತಿಗೆ ಹಾಕಿದ ಬಿಳಿ ಪುಟ್ಟಿಯೂ ಹಾಗೆಯೇ, ಎಷ್ಟು ಸ್ಟೇನ್ ಹಚ್ಚಿದರೂ ಅಲ್ಲೊಂದು ತೆಳು ಬೊಟ್ಟು ಉಳಿಯುತ್ತದೆ. ಪುಟ್ಟಿಯನ್ನು ಮೊದಲೇ ಬರ್ನ್ಟ್ ಅಂಬರ್ ಎಂಬ ಕಂದು ಪುಡಿ, ಚೂರು ರೆಡ್ ಆಕ್ಸೈಡ್ ಎಂಬ ಕೆಂಪು ಪುಡಿ ಸೇರಿಸಿ, ಬರಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಕಪ್ಪಾಗಿ ಕಲಸಿಕೊಳ್ಳಿ.

ಈಗ ಆ ತೆಳು ಸೀಲರ್. ಒಂದು ಪಾಲು ಸೀಲರಿಗೆ ನಾಲ್ಕೈದು ಪಾಲು ಅದರದೇ ಥಿನ್ನರ್ ಸೇರಿಸಿ, ನೀರಿನಂತೆ ಮಾಡಿ, ಬಟ್ಟೆಯಲ್ಲಿ ಒಂದು ಕೈ. ರಬ್ಬರ್, ಪೈನ್, ಮಾವು ಮೂರಕ್ಕೂ ಇದು ಬೇಕೇ ಬೇಕು. ಪೂರ್ತಿ ಒಣಗಿದ ಮೇಲೆ 320ರ ಸವೆದ ತುಂಡಿನಿಂದ ಒಮ್ಮೆ ಸವರಿ. ಇದರಿಂದ ಬಾಯಾರಿದ ಜಾಗದ ಬಾಯಾರಿಕೆ ಅರ್ಧಕ್ಕೆ ಇಳಿಯುತ್ತದೆ, ಬಣ್ಣ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆಗಿ ಕೂರುತ್ತದೆ. ಒಟ್ಟು ಬಣ್ಣ ಸ್ವಲ್ಪ ತೆಳು ಬರುತ್ತದೆ, ಬರಲಿ. ಉಳಿದರ್ಧ ಮೇಲೆ ಕಟ್ಟಲಿಕ್ಕಿದೆಯಲ್ಲ.

ಸ್ಟೇನ್ ಡಬ್ಬಿಯನ್ನು ತಳದ ತನಕ ಕಡ್ಡಿ ಹಾಕಿ ಕಲಕಿ, ಬಣ್ಣದ ಗಷ್ಟು ಕೆಳಗೇ ಕೂತಿರುತ್ತದೆ. ಒಂದು ಸಲಕ್ಕೆ ಒಂದು ಮೈ: ಮೇಜಿನ ಮೇಲ್ಹಲಗೆ ಪೂರ್ತಿ, ಆಮೇಲೆ ಒಂದು ಬದಿ, ಆಮೇಲೆ ಒಂದು ಕಾಲು. ಹಲಗೆಯ ನಡುವೆ ನಿಲ್ಲಿಸಿ ಫೋನ್ ಎತ್ತಿದರೆ ಅಲ್ಲೊಂದು ಗೆರೆ ಖಾಯಂ. ಬಟ್ಟೆಯಲ್ಲಿ ಧಾರಾಳವಾಗಿ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು, ಒಣ ಬಟ್ಟೆಯಿಂದ ನಾರಿನ ದಿಕ್ಕಿಗೆ ಒರೆಸಿ ತೆಗೆಯಿರಿ. ‘ಒರೆಸಿದರೆ ಕಪ್ಪು ಹೋಗುತ್ತದೆ’ ಎಂದು ಹಾಗೇ ಬಿಡುವವರಿದ್ದಾರೆ. ಒರೆಸದೆ ಉಳಿದ ಸ್ಟೇನ್ ಮರದೊಳಗಿನದಲ್ಲ, ಮರದ ಮೇಲಿನ ಕೆಸರು. ಅದರ ಮೇಲೆ ಹಾಕಿದ ಪಿಯು ಆರು ತಿಂಗಳಿಗೆ ಹಪ್ಪಳದಂತೆ ಎದ್ದು ಬರುತ್ತದೆ. ಡಿಸೆಂಬರಿನಿಂದ ಮಾರ್ಚಿಯ ತನಕ ಎಂಟು ಗಂಟೆ ಒಣಗಿದರೆ ಸಾಕು, ಜೂನ್ ಆದ ಮೇಲೆ ಪೂರಾ ಒಂದು ದಿನ. ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಹತ್ತಿದರೆ ಇನ್ನೂ ಕಾಯಬೇಕು.

ಇಲ್ಲಿ ಎದೆಗುಂದುವ ಒಂದು ಹಂತ ಇದೆ. ಸ್ಟೇನ್ ಒಣಗಿದಾಗ ಮಂಕಾಗಿ, ಮಣ್ಣು ಬಳಿದಂತೆ ಕಾಣುತ್ತದೆ. ನಿಜವಾದ ಬಣ್ಣ ನೋಡಬೇಕೆಂದರೆ ಒಂದು ಮೂಲೆಯನ್ನು ಸ್ಪಿರಿಟ್ ಬಟ್ಟೆಯಲ್ಲಿ ಹಗುರಾಗಿ ತೇವ ಮಾಡಿ. ಸೀಲರ್ ಬಿದ್ದ ಮೇಲೆ ಹೆಚ್ಚುಕಡಿಮೆ ಅದೇ ಬಣ್ಣ. ಮಂಕು ಕಂಡು ಹೆದರಿ ಮೂರು ನಾಲ್ಕು ಕೈ ಸ್ಟೇನ್ ಹಚ್ಚಿದ ಮೇಜುಗಳೇ ಕೊನೆಗೆ ಇದ್ದಿಲ ಹಾಗೆ ಆಗುವುದು.

ಸ್ಟೇನ್ ಮೇಲಿನ ಮೊದಲ ಸೀಲರ್ ಕೈಯಲ್ಲಿ ಬ್ರಶ್ ಹಿಂದೆ ಮುಂದೆ ಆಡಿಸಬೇಡಿ. ಸೀಲರಿನ ಥಿನ್ನರ್ ಸ್ಟೇನನ್ನು ಮತ್ತೆ ಕರಗಿಸಿ ಎಳೆಯುತ್ತದೆ. ಸ್ಪ್ರೇ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದೇ ಎಳೆತ, ಮರಳಿ ಮುಟ್ಟಬಾರದು. ಒಣಗಿದ ಮೇಲೆ 320ರಲ್ಲಿ ಹಗುರಾಗಿ ಉಜ್ಜುವಾಗ ಅಂಚುಗಳನ್ನು ಬಿಟ್ಟುಬಿಡಿ. ಮೇಜಿನ ಚೂಪು ಅಂಚಿನಲ್ಲಿ ಸೀಲರ್ ನಿಲ್ಲುವುದೇ ತೆಳುವಾಗಿ, ಅಲ್ಲಿ ಪೇಪರ್ ಎರಡು ಸಲ ಹಾದರೆ ಸ್ಟೇನ್ ಸಮೇತ ಹೋಗಿ ಬಿಳಿ ಗೆರೆ ಮೂಡುತ್ತದೆ. ಮೂಡಿದರೆ ಇಡೀ ಮೇಜು ಮತ್ತೆ ಉಜ್ಜಬೇಕಿಲ್ಲ. ಸಣ್ಣ ಕುಂಚದಲ್ಲಿ ಸ್ಟೇನ್ ಮುಟ್ಟಿಸಿ, ಬೆರಳಲ್ಲಿ ತೀಡಿ, ಒಣಗಿಸಿ. ಮುಂಚೆಯೇ ಅಂಚನ್ನು 180ರಲ್ಲಿ ಕೊಂಚ ಗುಂಡಗೆ ಮಾಡಿಕೊಂಡಿದ್ದರೆ ಈ ಗೋಳೇ ಇಲ್ಲ.

ಉಳಿದರ್ಧ ಬಣ್ಣದ ಸಮಯ ಇದು. ಹದ ಮಾಡಿದ ಪಿಯು ಸೀಲರಿಗೆ ಅದೇ ಕಂಪನಿಯ ಸ್ಟೇನನ್ನು ನೂರಕ್ಕೆ ಐದರಿಂದ ಹತ್ತರಷ್ಟು ಬೆರೆಸಿ ಮಂಜಿನಂತೆ ಸ್ಪ್ರೇ ಮಾಡುತ್ತಾರೆ. ತೆಳುವಾಗಿ ಉಳಿದ ಪಟ್ಟಿಗೆ ಒಂದು ಸಲ ಹೆಚ್ಚು, ಕಪ್ಪಾದ ಪಟ್ಟಿಗೆ ಕಡಿಮೆ. ರಬ್ಬರ್ ಮರದ ಕಾಫಿ ಮತ್ತು ಚಹಾ ಒಂದಾಗುವುದು ಇಲ್ಲಿಯೇ. ಹತ್ತಕ್ಕಿಂತ ಹೆಚ್ಚು ಬೆರೆಸಿದರೆ ಮತ್ತೆ ಬಣ್ಣದ ವಾರ್ನಿಶ್ಶೇ ಆಗಿ ಗೆರೆ ಮುಚ್ಚಿಹೋಗುತ್ತದೆ. ಬೇರೆ ಕಂಪನಿಯ ಸ್ಟೇನ್ ಬೆರೆಸಿದರೆ ಮೊಸರು ಒಡೆದಂತಾಗುವ ಸಂಭವ ಇದೆ, ಆದ್ದರಿಂದ ಮೊದಲು ಒಂದು ಲೋಟದಲ್ಲಿ ನೋಡಿ. ಇದರ ಮೇಲೆ ಬಣ್ಣವಿಲ್ಲದ ಮ್ಯಾಟ್ ಪಿಯು ಎರಡು ಕೈ. ಹೊಳಪಿನ ಗ್ಲಾಸಿ ಬೇಡ ಎನ್ನುವುದಕ್ಕೆ ಕಾರಣ ರುಚಿಯಷ್ಟೇ ಅಲ್ಲ. ಕಪ್ಪು ಹೊಳಪಿನ ಮೇಲೆ ಧೂಳು, ಬೆರಳಚ್ಚು, ಉಜ್ಜಿದ ತಪ್ಪು ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಕಾಣುತ್ತವೆ.

ಉಳಿದ ಮೂರು

ನೀರು ಮೂಲದ ಸ್ಟೇನಿಗೆ ವಾಸನೆ ಇಲ್ಲ, ಮನೆಯೊಳಗೆ ಮಕ್ಕಳಿದ್ದರೂ ಕೆಲಸ ಮಾಡಬಹುದು. ಶಿರಸಿ, ಯಲ್ಲಾಪುರದಲ್ಲಿ ಮಾಘ, ಫಾಲ್ಗುಣದ ಒಣ ಹವೆಗೆ ಚೆನ್ನಾಗಿಯೇ ಕೂರುತ್ತದೆ. ಆದರೆ ನೀರು ತಾಗಿದ ನಾರು ಗಡ್ಡದಂತೆ ನಿಲ್ಲುತ್ತದೆ. ಅದಕ್ಕೇ ಸ್ಟೇನಿಗೆ ಮೊದಲು ಒಮ್ಮೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎದ್ದ ನಾರನ್ನು 220ರಲ್ಲಿ ತೆಗೆದುಬಿಡಬೇಕು. ಸ್ಟೀಲ್ ಉಣ್ಣೆ ಮುಟ್ಟಲೇಬೇಡಿ, ಅದರ ಚೂರು ರಂಧ್ರದಲ್ಲಿ ಉಳಿದು ನೀರಿಗೆ ತುಕ್ಕು ಹಿಡಿದು ಕಪ್ಪು ಚುಕ್ಕೆ ಬಿಡುತ್ತದೆ. ಕಾರವಾರದ ಜುಲೈನಲ್ಲಿ ಈ ಸ್ಟೇನ್ ಒಣಗುವುದನ್ನು ಕಾಯುವುದಕ್ಕಿಂತ ದೀಪಾವಳಿ ಕಾಯುವುದು ಲೇಸು.

ಸ್ಪಿರಿಟ್ ಬಣ್ಣದ ಪುಡಿ ಅಗ್ಗ, ಬಣ್ಣವೂ ಝಗ್ಗನೆ ಬರುತ್ತದೆ. ಹಳೆಯ ಪಾಲಿಶ್ ಮೇಸ್ತ್ರಿಗಳ ಕೈಗೆ ಒಗ್ಗಿದ್ದು ಇದು. ಕಿಟಕಿಯ ಬಿಸಿಲಿಗೆ ಬೇಗ ಮಾಸುವುದು ಇದರ ದೊಡ್ಡ ದೋಷ, ಮೇಜಿನ ಮೇಲಿದ್ದ ಬಟ್ಟೆ ತೆಗೆದರೆ ಅದರ ಆಕಾರ ಅಲ್ಲೇ ಉಳಿದಿರುತ್ತದೆ. ಮೇಲೆ ಸ್ಪಿರಿಟ್ ಪಾಲಿಶ್ ಉಜ್ಜಿದರೆ ಪುಡಿಬಣ್ಣ ಮತ್ತೆ ಕರಗಿ ಹರಿದಾಡುತ್ತದೆ. ದೇವರ ಮಂಟಪ, ಗೋಡೆಯ ಚೌಕಟ್ಟಿನಂಥ ಸಣ್ಣ ಕೆಲಸಕ್ಕೆ ಅಡ್ಡಿಯಿಲ್ಲ.

ಜೆಲ್ ಸ್ಟೇನ್ ತುಪ್ಪದ ಹದ. ಮರದೊಳಗೆ ಹೆಚ್ಚು ಇಳಿಯದ ಕಾರಣ ಪೈನಿನ ಮೇಲೂ ಕಲೆ ಕಲೆಯಾಗುವುದಿಲ್ಲ, ನಿಂತ ಕಾಲಿನ ಮೇಲೂ ಸೋರುವುದಿಲ್ಲ. ಹಳೆ ಪಾಲಿಶ್ ಗಟ್ಟಿಯಾಗಿದ್ದರೆ ಅದನ್ನು 220ರಲ್ಲಿ ಮಂಕು ಮಾಡಿ ಮೇಲೆಯೇ ಹಚ್ಚಬಹುದು. ಕೆತ್ತನೆ ಇರುವ, ಪೂರ್ತಿ ಉಜ್ಜಲು ಬಾರದ ವಸ್ತುಗಳಿಗೆ ಇದು ವರ. ಒಣಗುವುದು ನಿಧಾನ, ಒಂದು ಕೈಗೆ ದಿನಪೂರ್ತಿ ಕೊಡಿ.

ಚೌತಿಯ ಅವಸರ

ಎಲ್ಲರಿಗೂ ಪಾಲಿಶ್ ಚೌತಿಯೊಳಗೆ ಆಗಬೇಕು. ವರ್ಷದಲ್ಲಿ ಮರದ ಕೆಲಸಕ್ಕೆ ಕೆಟ್ಟ ತಿಂಗಳುಗಳನ್ನು ಹುಡುಕಿದರೆ ಸಿಗುವುದೂ ಅವೇ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವ ಶೇ. 65 ಇದ್ದಾಗ ಮರ ತನ್ನೊಳಗೆ ಶೇ. 12ರಷ್ಟು ನೀರು ಇಟ್ಟುಕೊಳ್ಳುತ್ತದೆ. ತೇವ ಶೇ. 90ಕ್ಕೆ ಏರಿ ಅಲ್ಲೇ ನಿಂತರೆ ಅದು ಶೇ. 20ರ ಹತ್ತಿರ ಹೋಗುತ್ತದೆ. ಆ ಮರಕ್ಕೆ ಪಿಯು ಹೊದಿಸಿದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿ ಜೋಡಣೆಯ ಬಳಿ ಪದರ ಬಿರುಕು ಬಿಡುತ್ತದೆ.

ಪದರದ್ದೂ ಬೇರೆ ಕತೆ. ಎನ್‌ಸಿ ಲ್ಯಾಕರ್, ಅರಗಿನ ಪಾಲಿಶ್ ಎರಡೂ ಮಳೆಗಾಲದಲ್ಲಿ ಬಿಳಿಚುತ್ತವೆ. ಥಿನ್ನರ್ ಸರ್ರನೆ ಹಾರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂತು ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಬಿಳಿ ಮರದಲ್ಲಿ ಅಷ್ಟು ಕಾಣದು, ಗಾಢ ಬಣ್ಣದ ಮೇಲೆ ಹಾಲು ಚೆಲ್ಲಿದಂತೆ. ನಿಧಾನ ಆರುವ ರಿಟಾರ್ಡರ್ ಥಿನ್ನರನ್ನು ಸ್ವಲ್ಪ ಸೇರಿಸಿ ಮೇಲೊಂದು ಮಂಜು ಹೊಡೆದರೆ ಬಹುಪಾಲು ಹೋಗುತ್ತದೆ. ಪಿಯು ಹೀಗೆ ಬಿಳಿಚುವುದು ಕಡಿಮೆ, ಆದರೆ ಅದರ ಹಾರ್ಡ್ನರ್ ನೀರಿನೊಂದಿಗೆ ಸೇರಿದರೆ ಅನಿಲ ಬಿಡುತ್ತದೆ. ತೇವದ ಮರದ ಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳು ಏಳುವುದು ಇದರಿಂದಲೇ. ಬೆಳಿಗ್ಗೆ ಹತ್ತರ ಮೇಲೆ ಶುರು ಮಾಡಿ ಮೂರು ಗಂಟೆಯೊಳಗೆ ಕೈ ತೊಳೆದುಕೊಳ್ಳುವುದು ಕಡಲಬದಿಯ ಲೆಕ್ಕ. ಬೇಸ್ ಮತ್ತು ಹಾರ್ಡ್ನರಿನ ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆ, ಡಬ್ಬಿಯ ಮೇಲಿರುವುದೇ ಶಾಸ್ತ್ರ. ಅಂದಾಜಿಗೆ ಸುರಿದರೆ ಒಂದೋ ಒಣಗುವುದೇ ಇಲ್ಲ, ಇಲ್ಲ ಗಾಜಿನಂತೆ ಸಿಡಿಯುತ್ತದೆ. ಸ್ಪ್ರೇ ಮಾಡುವವರು ಬಟ್ಟೆಯ ಮಾಸ್ಕ್ ನಂಬಬಾರದು, ಇದ್ದಿಲ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಮೆಲಮೈನ್ ಬಗ್ಗೆ ಎರಡು ಮಾತು. ಗಟ್ಟಿ, ಬೇಗ ಒಣಗುತ್ತದೆ, ಪಿಯುಗಿಂತ ಅಗ್ಗ. ದಪ್ಪ ಹಾಕಿದರೆ ಬಿರುಕು, ಮೊದಲ ಕೆಲವು ದಿನ ಕಣ್ಣುರಿಸುವ ವಾಸನೆ. ಮಲಗುವ ಕೋಣೆಗೆ ಬೇಡ.

ಊರಿನ ಬಣ್ಣಗಳು

ಡಬ್ಬಿಯೇ ಬೇಡ ಎನ್ನುವವರು ಮೂರು ವಸ್ತುಗಳ ಹೆಸರು ಹೇಳುತ್ತಾರೆ. ಮೊದಲನೆಯದು ಗೇರೆಣ್ಣೆ, ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪೆಣ್ಣೆ. ಮಾಡಿನ ಪಕಾಸಿಗೆ, ಒರಲೆ ಹಿಡಿಯುವ ಕಂಬಕ್ಕೆ ಅದು ಸರಿ. ಕುರ್ಚಿಗೆ ಖಂಡಿತ ಬೇಡ. ಹಸಿಯಿದ್ದಾಗ ಚರ್ಮ ಸುಡುತ್ತದೆ, ಒಣಗಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ.

ಎರಡನೆಯದು ಅಡಿಕೆ ಚೊಗರು, ಅಡಿಕೆ ಬೇಯಿಸಿದ ನೀರಿನ ಗಟ್ಟಿ ರಸ. ಶಿರಸಿ, ಸಿದ್ದಾಪುರದ ಕಡೆ ಕೆಂಪಡಿಕೆ ಬೇಯಿಸಿದ ಮನೆಯಲ್ಲಿ ದಂಡಿಯಾಗಿ ಇರುತ್ತದೆ. ನೀರು ಬೆರೆಸಿ ತೆಳು ಮಾಡಿ ಎರಡು ಮೂರು ಕೈ ಕುಡಿಸಿದರೆ ಬಿಳಿ ಮರಕ್ಕೆ ಹದವಾದ ಕೆಂಗಂದು ಬರುತ್ತದೆ. ಗಟ್ಟಿ ಚೊಗರನ್ನು ಹಾಗೇ ಬಳಿದರೆ ಮೇಲೆ ಅಂಟಾಗಿ ಉಳಿದು ಪಾಲಿಶ್ ಹಿಡಿಯುವುದಿಲ್ಲ.

ಮೂರನೆಯದೇ ಇವುಗಳಲ್ಲಿ ಸ್ವಾರಸ್ಯದ್ದು. 100 ಗ್ರಾಂ ಅಳಲೆಕಾಯಿಯ ಸಿಪ್ಪೆ ಜಜ್ಜಿ ಒಂದು ಲೀಟರ್ ನೀರಿನಲ್ಲಿ ಅರ್ಧಕ್ಕೆ ಇಳಿಯುವ ತನಕ ಕುದಿಸಿ ಸೋಸಿ. ಬೇರೆ ಬಾಟಲಿಯಲ್ಲಿ ಅರ್ಧ ಲೀಟರ್ ವಿನೆಗರಿಗೆ ಒಂದು ಉಂಡೆ ಸ್ಟೀಲ್ ಉಣ್ಣೆ ಹಾಕಿ, ಮುಚ್ಚಳ ಸಡಿಲ ಬಿಟ್ಟು ಒಂದು ವಾರ ಇಡಿ. ಬಿಗಿದರೆ ಅನಿಲ ತುಂಬಿ ಬಾಟಲಿ ಸಿಡಿಯುತ್ತದೆ. ಮರಕ್ಕೆ ಮೊದಲು ಅಳಲೆ ಕಷಾಯ, ಒಣಗಿದ ಮೇಲೆ ಸೋಸಿದ ಕಬ್ಬಿಣದ ನೀರು. ನೋಡುತ್ತಿದ್ದಂತೆ ಬಿಳಿ ಮರ ಬೂದಿಯಾಗಿ, ಬೂದಿ ಮಸಿಯಾಗಿ ತಿರುಗುತ್ತದೆ. ಹಿಂದೆ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಒಗರು ಮತ್ತು ಕಬ್ಬಿಣದ ಕೂಟದಿಂದ. ರಬ್ಬರ್ ಮರದಲ್ಲಿ ಸ್ವಂತ ಒಗರು ಕಡಿಮೆ, ಕಷಾಯ ಬಿಟ್ಟು ಬರೀ ಕಬ್ಬಿಣದ ನೀರು ಹಚ್ಚಿದರೆ ಕೊಳೆ ಬೂದು ಬಣ್ಣವಷ್ಟೇ. ಬರುವುದು ಕರಿಮರದ ಬಣ್ಣ, ಬೀಟೆಯ ಕೆಂಪು ಅದರಲ್ಲಿಲ್ಲ.

ಕೆಲಸ ಬೇರೆಯವರಿಗೆ ಕೊಡುವುದಾದರೆ

ದರ ಸಾಮಾನ್ಯವಾಗಿ ಚದರ ಅಡಿಗೆ. ಕುರ್ಚಿಯ ಕಡ್ಡಿ ಬೆನ್ನನ್ನು ಹೇಗೆ ಅಳೆಯುತ್ತಾರೆ, ಸಾಮಾನು ಸೇರಿಯೋ ಬಿಟ್ಟೋ, ಹಳೆ ಪಾಲಿಶ್ ತೆಗೆಯುವುದು ಅದರಲ್ಲೇ ಇದೆಯೋ ಎಂದು ಮೊದಲೇ ಮಾತಾಡಿ. ಬಣ್ಣವನ್ನು ಶೇಡ್ ಕಾರ್ಡಿನಲ್ಲಿ ಆರಿಸಬೇಡಿ. ಕಾರ್ಡಿನಲ್ಲಿರುವುದು ಬೇರೆ ಮರ. ಮೇಜಿನ ಅಡಿಯಲ್ಲೇ ಒಂದು ಅಡಿ ಜಾಗಕ್ಕೆ ಸೀಲರ್, ಮ್ಯಾಟ್ ಸಮೇತ ಪೂರ್ತಿ ಮಾಡಿ ತೋರಿಸಲು ಹೇಳಿ, ಹಗಲು ಬೆಳಕಿನಲ್ಲಿ ನೋಡಿ. ಪಿಯು ಎಂದು ಹೇಳಿ ಮೆಲಮೈನ್ ಹಚ್ಚುವುದು ನಡೆಯುತ್ತದೆ, ಒಣಗಿದ ಮೇಲೆ ನೋಟದಲ್ಲಿ ಗುರುತಿಸುವುದು ಕಷ್ಟ. ಡಬ್ಬಿಯನ್ನು ನೀವೇ ಕೊಂಡು ತಂದುಕೊಟ್ಟರೆ ವಾದವೇ ಬೇಡ. ಕುಟ್ಟೆ ಹಿಡಿದ ಗುರುತು, ಅಂದರೆ ಸಣ್ಣ ತೂತು ಮತ್ತು ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಪಾಲಿಶಿಗೆ ಮೊದಲೇ ಔಷಧ ಆಗಬೇಕು. ರಬ್ಬರ್ ಮರಕ್ಕೆ ಕುಟ್ಟೆ ಎಂದರೆ ಪ್ರೀತಿ. ಕಾರ್ಖಾನೆಯಲ್ಲಿ ಬೋರಾನ್ ಔಷಧ ಒತ್ತಿದ ಮರವಾದರೆ ಭಯ ಕಡಿಮೆ.

ಗಾಢ ಬಣ್ಣಕ್ಕೆ ತಿರುಗಿಸಿದ ಬಿಳಿ ಮರದ ಒಂದು ದೋಷಕ್ಕೆ ಯಾವ ಡಬ್ಬಿಯಲ್ಲೂ ಪರಿಹಾರ ಇಲ್ಲ. ಒಳಗೆ ಅದು ಬಿಳಿಯೇ. ಬೀಟೆಗೆ ಗೀರು ಬಿದ್ದರೆ ಬೀಟೆಯೇ ಕಾಣುತ್ತದೆ, ಇದಕ್ಕೆ ಗೀರು ಬಿದ್ದರೆ ತೆಂಗಿನಕಾಯಿ ಒಡೆದಂತೆ. ಕುರ್ಚಿಯ ಕಾಲಿನ ತುದಿಯಲ್ಲಿ, ಕೂರುವಾಗ ಕಾಲಿಡುವ ಅಡ್ಡಪಟ್ಟಿಯಲ್ಲಿ ಮೊದಲ ವರ್ಷವೇ ಶುರು. ಹಾಗಾಗಿ ಮಿಕ್ಕ ಸ್ಟೇನನ್ನು ಎಸೆಯಬೇಡಿ, 50 ಮಿ.ಲೀ. ಸಣ್ಣ ಗಾಜಿನ ಬಾಟಲಿಯಲ್ಲಿ ತುಂಬಿ, ಯಾವ ಛಾಯೆ, ಎಷ್ಟು ಬೆರೆಸಿದ್ದು ಎಂದು ಚೀಟಿ ಅಂಟಿಸಿ ಇಡಿ. ಹತ್ತಿಯ ಕಡ್ಡಿಯಲ್ಲಿ ಮುಟ್ಟಿಸಿ, ಒಣಗಿದ ಮೇಲೆ ಚೂರು ಮೇಣ ಉಜ್ಜಿದರೆ ಗೀರು ಅಡಗುತ್ತದೆ. ಮಿಕ್ಕ ಹಾರ್ಡ್ನರನ್ನು ಮಾತ್ರ ಕಾಪಾಡಲು ಹೋಗಬೇಡಿ. ಒಮ್ಮೆ ತೆರೆದ ಡಬ್ಬಿ ನಮ್ಮ ಮಳೆಗಾಲದ ಗಾಳಿ ಕುಡಿದು ಮುಂದಿನ ಚೌತಿಗೆ ಕಲ್ಲಾಗಿರುತ್ತದೆ.